ವಾದ್ಯವೃಂದದ ತಾಲೀಮು ಮತ್ತು ವಿದ್ಯಾರ್ಥಿಯ ಕಿವಿ

ಜನವರಿ ತಿಂಗಳ ಕೊರೆಯುವ ಚಳಿಯಲ್ಲಿ ಮಕ್ಕಳಿಗೆ ಉಣ್ಣೆಯ ಟೋಪಿ ಹಾಕಿಸಿ ವಿಜಯ ಚೌಕಕ್ಕೆ ಕರೆದೊಯ್ದ ದೆಹಲಿ ಕನ್ನಡಿಗರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. 29ರಂದು ಜರುಗುವ ‘ಬೀಟಿಂಗ್ ರಿಟ್ರೀಟ್’ ಸಮಾರಂಭಕ್ಕೆ ಪ್ರವೇಶ ದೊರೆಯುವುದು ಕಷ್ಟವಾದರೂ, ಅದಕ್ಕೆ ಮುನ್ನ ಪೂರ್ಣ ಸಮವಸ್ತ್ರದಲ್ಲಿ ನಡೆಯುವ ತಾಲೀಮಿಗೆ ಸಾರ್ವಜನಿಕರಿಗೂ ಟಿಕೇಟು ದೊರೆಯುತ್ತದೆ. ಅನೇಕ ಮಕ್ಕಳು ನೂರಾರು ವಾದ್ಯಗಳು ಒಂದಾಗಿ ನುಡಿಯುವುದನ್ನು ತಮ್ಮ ಜೀವನದಲ್ಲಿ ಮೊದಲ ಬಾರಿಗೆ ಕೇಳುವುದು ಅಲ್ಲಿಯೇ. ಆದರೆ ಅದು ಹೆಸರಿಗಷ್ಟೇ ತಾಲೀಮು. ಅಲ್ಲಿ ಯಾರೂ ತಪ್ಪುವುದಿಲ್ಲ, ಯಾರೂ ನಿಲ್ಲಿಸುವುದಿಲ್ಲ. ಅದು ಪ್ರದರ್ಶನದ ಹಿಂದಿನ ದಿನದ ಪ್ರದರ್ಶನ.

ನಿಜವಾದ ತಾಲೀಮು ಬೇರೆ. ಶಾಸ್ತ್ರೀಯ ವಾದ್ಯವೃಂದವೊಂದು ಕಚೇರಿಗೆ ಮುನ್ನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗ ಆ ಬಾಗಿಲನ್ನು ವಿದ್ಯಾರ್ಥಿಗಳಿಗೆ ತೆರೆದಿಡುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದ ಇದೆ. ನ್ಯೂಯಾರ್ಕ್, ಬಾಸ್ಟನ್ ಮೊದಲಾದ ನಗರಗಳ ಹೆಸರಾಂತ ವಾದ್ಯವೃಂದಗಳು ಇಂಥ ‘ತೆರೆದ ತಾಲೀಮು’ಗಳನ್ನು ನಡೆಸುತ್ತ ಬಂದಿವೆ. ಇದಕ್ಕೆ ಸಮೀಪದ ಇನ್ನೊಂದು ಪ್ರಯತ್ನವೆಂದರೆ ಲಿಯೊನಾರ್ಡ್ ಬರ್ನ್‌ಸ್ಟೈನ್ 1958ರಿಂದ 1972ರವರೆಗೆ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದದೊಡನೆ ದೂರದರ್ಶನದ ಮೂಲಕ ಮಕ್ಕಳಿಗಾಗಿ ನಡೆಸಿಕೊಟ್ಟ 53 ಕಚೇರಿಗಳು. ಸಂಗೀತವನ್ನು ನಡುವೆ ನಿಲ್ಲಿಸಿ, ಬಿಡಿಸಿ, ಒಂದೊಂದು ವಾದ್ಯವನ್ನೂ ಬೇರೆಯಾಗಿ ನುಡಿಸಿ ತೋರಿಸಿದರೆ ಎಳೆಯರಿಗೂ ಅದು ಎಟುಕುತ್ತದೆ ಎಂಬುದನ್ನು ಆ ಮಾಲಿಕೆ ತೋರಿಸಿಕೊಟ್ಟಿತು.

ಇಂಥ ತಾಲೀಮಿನಲ್ಲಿ ವಿದ್ಯಾರ್ಥಿಯು ಕಾಣುವುದೇನು? ಮೊದಲಿಗೆ ವಾದಕರು ಸ್ವೆಟರ್ ಧರಿಸಿ, ಕಾಫಿಯ ಲೋಟ ಹಿಡಿದು, ಮಾತನಾಡುತ್ತ ಬಂದು ಕುಳಿತುಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಮಗೆ ತೊಡಕೆನಿಸಿದ ಭಾಗವನ್ನು ತಮ್ಮ ಪಾಡಿಗೆ ನುಡಿಸುವುದರಿಂದ ಸಂತೆಯ ಗದ್ದಲವೇ ಎದ್ದಿರುತ್ತದೆ. ಆಮೇಲೆ ಓಬೊ ಎಂಬ ಸುಷಿರವಾದ್ಯದ ವಾದಕ ಒಂದೇ ಸ್ವರವನ್ನು ಹಿಡಿದು ಊದುತ್ತಾನೆ. ಸೆಕೆಂಡಿಗೆ 440 ಕಂಪನಗಳುಳ್ಳ ಆ ಸ್ವರಕ್ಕೆ ಉಳಿದವರೆಲ್ಲರೂ ತಂತಮ್ಮ ವಾದ್ಯಗಳನ್ನು ಕೂಡಿಸಿಕೊಳ್ಳುತ್ತಾರೆ. ನಮ್ಮ ಕಚೇರಿಯಲ್ಲಿ ತಂಬೂರಿಗೆ ಇರುವ ಗೌರವವನ್ನು ಅಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ಓಬೊ ಪಡೆಯುತ್ತದೆ ಎನ್ನಬಹುದು. ವ್ಯತ್ಯಾಸವಿಷ್ಟೆ: ತಂಬೂರಿ ಕಚೇರಿ ಮುಗಿಯುವವರೆಗೂ ಜೊತೆಗಿರುತ್ತದೆ, ಓಬೊ ಶ್ರುತಿ ಕೊಟ್ಟು ತನ್ನ ಸರದಿಗಾಗಿ ಕಾಯುತ್ತದೆ.

ಅನಂತರ ಸಂಗೀತ ಆರಂಭವಾಗುತ್ತದೆ, ಎಂಟು ಹತ್ತು ಆವರ್ತಗಳಾಗುವಷ್ಟರಲ್ಲಿ ನಿಲ್ಲುತ್ತದೆ. ನಿರ್ದೇಶಕ ತನ್ನ ಸಣ್ಣ ಕೋಲನ್ನು ಕೆಳಗಿಟ್ಟು, ಎರಡನೆಯ ಪಿಟೀಲು ಗುಂಪು ತುಸು ಮೆಲ್ಲಗೆ ನುಡಿಸಬೇಕೆಂದು ಹೇಳುತ್ತಾನೆ. ಮತ್ತೆ ಅದೇ ಭಾಗ. ಮತ್ತೆ ನಿಲುಗಡೆ. ಈ ಬಾರಿ ಕಮಾನನ್ನು ಎಲ್ಲರೂ ಒಂದೇ ದಿಕ್ಕಿಗೆ ಎಳೆಯುತ್ತಿಲ್ಲ ಎಂಬ ಆಕ್ಷೇಪಣೆ. ಮೊದಲ ಸಾಲಿನ ಪ್ರಧಾನ ಪಿಟೀಲುವಾದಕ ಎದ್ದು ಎಳೆದು ತೋರಿಸುತ್ತಾನೆ, ಹಿಂದಿನವರು ಪೆನ್ಸಿಲಿನಿಂದ ತಮ್ಮ ಹಾಳೆಯಲ್ಲಿ ಗುರುತು ಮಾಡಿಕೊಳ್ಳುತ್ತಾರೆ. ಮೂವತ್ತು ವರ್ಷ ನುಡಿಸಿದ ಹಿರಿಯ ವಾದಕನನ್ನೂ ಎಲ್ಲರೆದುರಿಗೆ ತಿದ್ದಲಾಗುತ್ತದೆ, ಅವನು ತಲೆಯಾಡಿಸಿ ಮತ್ತೊಮ್ಮೆ ನುಡಿಸುತ್ತಾನೆ. ಒಂದು ಅಂಕ ಕಡಿಮೆಯಾದರೆ ಮನೆಯಲ್ಲಿ ಊಟದ ರುಚಿಯೇ ಕೆಡುವ ಈ ಮಹಾನಗರದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ, ತಪ್ಪು ಎಂಬುದು ಅವಮಾನವಾಗಿರದೆ ಕೆಲಸದ ಒಂದು ಭಾಗವಾಗಿರುವ ಈ ನೋಟ ಬೇರೆಲ್ಲಿಯೂ ಸುಲಭವಾಗಿ ಸಿಗಲಾರದು.

ಕೋಲು ಬೀಸುವ ಆ ವ್ಯಕ್ತಿ ಯಾವ ವಾದ್ಯವನ್ನೂ ನುಡಿಸುವುದಿಲ್ಲವಲ್ಲ, ಅವನ ಅಗತ್ಯವೇನು ಎಂದು ಮಕ್ಕಳು ಕೇಳುವುದು ಸಹಜ. ಹಿರಿಯರಿಗೂ ಅನೇಕ ವೇಳೆ ಉತ್ತರ ಗೊತ್ತಿರುವುದಿಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 17 ಮೀಟರು ಇದ್ದರೆ, ಈ ಕಡೆಯ ಪೆಟ್ಟು ಆ ಕಡೆಯವರಿಗೆ ಕೇಳುವುದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗಿ. ಕಿವಿಯನ್ನೇ ನಂಬಿ ಅವರು ನುಡಿಸಿದರೆ ಆ ಶಬ್ದ ಮರಳಿ ಬರುವಾಗ ಮತ್ತಷ್ಟು ತಡವಾಗಿ, ಲಯ ಕದಡಿಹೋಗುತ್ತದೆ. ಬೆಳಕಿಗೆ ಈ ತೊಂದರೆಯಿಲ್ಲ. ಆದಕಾರಣ ಹಿಂದಿನ ಸಾಲಿನವರು ಕೋಲಿನ ತುದಿಯನ್ನು ಕಣ್ಣಿನಿಂದ ನೋಡಿ ನುಡಿಸಲೇಬೇಕು. ನಾಲ್ಕೈದು ಮಂದಿ ಮೊಣಕಾಲು ತಾಗುವಷ್ಟು ಹತ್ತಿರ ಕುಳಿತು ನಡೆಸುವ ನಮ್ಮ ಕಚೇರಿಗೆ ಇಂಥ ನಿರ್ದೇಶಕ ಬೇಕಾಗಲಿಲ್ಲ. ಅಲ್ಲಿ ಗಾಯಕನ ಕೈಯ ತಾಳವೂ ಮೃದಂಗದವರ ಕಣ್ಣೋಟವೂ ಸಾಕು.

ನಮ್ಮಲ್ಲಿ ಹಾಡುಗಾರಿಕೆಯ ಕಚೇರಿಗೆ ಎಲ್ಲರೂ ಕೂಡಿ ತಾಲೀಮು ಮಾಡುವ ರೂಢಿಯೇ ವಿರಳ. ಸಾಧನೆ ಮನೆಯಲ್ಲಿ, ಒಬ್ಬೊಬ್ಬರಿಗೆ ಬೇರೆಬೇರೆ. ಹೊಂದಾಣಿಕೆ ನಡೆಯುವುದು ವೇದಿಕೆಯ ಮೇಲೆಯೇ. ಅದರ ಸೊಗಸು ಬೇರೆ, ಆದರೆ ವಿದ್ಯಾರ್ಥಿಯ ಕಣ್ಣಿಗೆ ಸಾಧನೆಯ ಭಾಗ ಮರೆಯಾಗಿಯೇ ಉಳಿಯುತ್ತದೆ.

ಹಾಗೆಂದು ವಾದ್ಯವೃಂದವೆಂಬುದು ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕರ್ನಾಟಕ ಸಂಗೀತದ ವಾದ್ಯವೃಂದವೂ ಪಾಶ್ಚಾತ್ಯ ವಾದ್ಯವೃಂದವೂ ಜೊತೆಜೊತೆಯಾಗಿ ಇದ್ದವು. ಪಾಶ್ಚಾತ್ಯ ವೃಂದದ ನಿರ್ದೇಶಕರಾಗಿದ್ದವರು ಜರ್ಮನಿಯ ಆಟೊ ಶ್ಮಿಟ್. ವೀಣೆಯ ವಿದ್ವಾಂಸರ ಊರಿನಲ್ಲಿ ಪಿಯಾನೊ, ಟ್ರಂಪೆಟ್‌ಗಳೂ ಮನೆಮಾತಾದುದು ಹೀಗೆ. ಜಯಚಾಮರಾಜ ಒಡೆಯರಂತೂ ಕರ್ನಾಟಕ ಪದ್ಧತಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾಗಿದ್ದು, ಲಂಡನ್ನಿನ ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ರಷ್ಯದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಧ್ವನಿಮುದ್ರಣಗೊಂಡುದು ಒಡೆಯರ ಧನಸಹಾಯದಿಂದ. ಆ ಕೃತಜ್ಞತೆಗೆ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊತ್ತಮೊದಲು ಕೇಳಿಬಂದಾಗಲೂ ಅದರ ಹಿಂದೆ ಮೈಸೂರಿನ ನೆರವಿತ್ತು. ದೆಹಲಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಕಡಿಮೆ.

ಇನ್ನು ದೆಹಲಿಯ ವಿಷಯಕ್ಕೆ ಬಂದರೆ, ಸಂಸದ್ ಮಾರ್ಗದ ಆಕಾಶವಾಣಿ ಭವನವೇ ಈ ಕಥೆಯ ಮುಖ್ಯ ಸ್ಥಳ. 1952ರಲ್ಲಿ ಆಕಾಶವಾಣಿಯು ‘ವಾದ್ಯವೃಂದ’ ಎಂಬ ರಾಷ್ಟ್ರೀಯ ವಾದ್ಯಮೇಳವನ್ನು ಸ್ಥಾಪಿಸಿತು. ಅದರ ಮೊದಲ ನಿರ್ದೇಶಕರು ಪಂಡಿತ ರವಿಶಂಕರ್ ಮತ್ತು ಕರ್ನಾಟಕ ಸಂಗೀತದ ಭಾಗಕ್ಕೆ ಟಿ. ಕೆ. ಜಯರಾಮ ಅಯ್ಯರ್. ಮುಂದೆ ಕೊಳಲಿನ ಪನ್ನಾಲಾಲ್ ಘೋಷ್, ವೀಣೆಯ ಈಮನಿ ಶಂಕರ ಶಾಸ್ತ್ರಿ, ಚಲನಚಿತ್ರ ಸಂಗೀತದಿಂದ ಬಂದ ಅನಿಲ್ ಬಿಸ್ವಾಸ್ ಮೊದಲಾದವರು ಆ ಹೊಣೆಯನ್ನು ಹೊತ್ತರು. ಇವರೆಲ್ಲರ ಮುಂದಿದ್ದ ಸಮಸ್ಯೆ ಸಾಮಾನ್ಯವಾದುದಲ್ಲ. ಪಾಶ್ಚಾತ್ಯ ವಾದ್ಯವೃಂದ ನಿಂತಿರುವುದು ಬೇರೆಬೇರೆ ಸ್ವರಗಳು ಏಕಕಾಲದಲ್ಲಿ ಸೇರಿ ಮೂಡಿಸುವ ಸ್ವರಮೇಳದ ಮೇಲೆ. ನಮ್ಮ ರಾಗ ನಿಂತಿರುವುದು ಒಂದೇ ಸ್ವರಧಾರೆಯ ಮೇಲೆ, ಅದರ ಗಮಕದ ಮೇಲೆ, ಎಲ್ಲಕ್ಕಿಂತ ಮಿಗಿಲಾಗಿ ಮನೋಧರ್ಮದ ಮೇಲೆ. ಇಪ್ಪತ್ತು ಮೂವತ್ತು ಮಂದಿ ಒಟ್ಟಿಗೆ ನುಡಿಸಬೇಕಾದರೆ ಎಲ್ಲವನ್ನೂ ಮುಂಚೆಯೇ ಬರೆದಿಡಬೇಕು. ಬರೆದಿಟ್ಟಲ್ಲಿ ಮನೋಧರ್ಮಕ್ಕೆ ಎಡೆ ಎಲ್ಲಿ? ಗುರುಮುಖದಿಂದ ಕಲಿತ ವಿದ್ವಾಂಸರು ಕಾಗದ ನೋಡಿ ನುಡಿಸಬೇಕಾಯಿತು. ಒಂದು ರಾಗದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸಿತಾರ್, ಸರೋದ್‌ಗಳ ಅನುರಣನದ ತಂತಿಗಳನ್ನು ಮತ್ತೆ ಶ್ರುತಿಗೊಳಿಸಬೇಕು. ಕೊಳಲು, ಶಹನಾಯಿಗಳಿಗೆ ಶ್ರುತಿ ಬದಲಾದರೆ ವಾದ್ಯವೇ ಬದಲಾಗಬೇಕು. ಈ ತೊಡಕುಗಳನ್ನು ಬಿಡಿಸುವ ಜಾಗವೇ ತಾಲೀಮು. ಬಾನುಲಿಯಲ್ಲಿ ಹತ್ತು ಹದಿನೈದು ನಿಮಿಷಗಳಷ್ಟು ಕೇಳಿಬರುತ್ತಿದ್ದ ರಚನೆಯ ಹಿಂದೆ ಎಷ್ಟು ಗಂಟೆಗಳ ದುಡಿಮೆ ಇದ್ದೀತು ಎಂಬುದು ಕೇಳುಗರ ಊಹೆಗೂ ಬರುತ್ತಿರಲಿಲ್ಲ. ವಾದ್ಯವೃಂದದ ರಚನೆಗಳೆಲ್ಲವೂ ಯಶಸ್ವಿಯಾದವೆಂದು ಹೇಳಲಾಗದು. ಕೆಲವು ಚಿತ್ರಗೀತೆಯ ಹಿನ್ನೆಲೆಯಂತೆ ತೋರಿದ್ದೂ ಉಂಟು. ಆದರೂ ಉತ್ತರಾದಿ ದಕ್ಷಿಣಾದಿ ಎಂಬ ಭೇದವಿಲ್ಲದೆ ಒಂದೇ ಸಂಸ್ಥೆಯ ಆಶ್ರಯದಲ್ಲಿ ಕಲಾವಿದರು ಸೇರಿ ದುಡಿದ ಆ ಪ್ರಯೋಗದ ಮಹತ್ವ ಕಡಿಮೆಯದಲ್ಲ.

ವಿದ್ಯಾರ್ಥಿಗಳನ್ನು ಕಲಾವಿದರ ಸಮೀಪಕ್ಕೆ ಕರೆತರುವ ಕೆಲಸ ಈ ನಗರದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದುದು ‘ಸ್ಪಿಕ್ ಮೆಕೆ’ ಎಂಬ ಸಂಸ್ಥೆಯಿಂದ. ನ್ಯೂಯಾರ್ಕಿನಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಗ ಡಾಗರ್ ಮನೆತನದವರ ಧ್ರುಪದ್ ಗಾಯನವನ್ನು ಕೇಳಿ ಮನಸೋತ ಕಿರಣ್ ಸೇಠ್ ಅವರು ದೆಹಲಿಯ ಐಐಟಿಗೆ ಅಧ್ಯಾಪಕರಾಗಿ ಮರಳಿ, 1977ರಲ್ಲಿ ಈ ಆಂದೋಲನವನ್ನು ಆರಂಭಿಸಿದರು. ವಿದ್ಯಾರ್ಥಿಗಳಿಂದ ಶುಲ್ಕವಿಲ್ಲ. ಶಾಲೆಯ ಸಭಾಂಗಣದಲ್ಲಿ ನೆಲದ ಮೇಲೆ ಕುಳಿತು, ಹಿರಿಯ ಕಲಾವಿದರು ನುಡಿಸುವುದರ ಜೊತೆಗೆ ವಿವರಿಸುವುದನ್ನೂ ಕೇಳಿ, ಅಂಜಿಕೆಯಿಲ್ಲದೆ ಪ್ರಶ್ನೆ ಹಾಕಬಹುದು. ತೆರೆದ ತಾಲೀಮಿಗೆ ನಮ್ಮ ಪದ್ಧತಿಯಲ್ಲಿ ಇರುವ ಅತಿ ಹತ್ತಿರದ ಬಂಧು ಈ ಸೋದಾಹರಣ ಭಾಷಣವೇ ಸರಿ.

ಇಲ್ಲಿ ತಾಯ್ತಂದೆಯರ ಒಂದು ಆಸೆಯನ್ನು ಕುರಿತು ಎರಡು ಮಾತು ಅವಶ್ಯ. ಶಾಸ್ತ್ರೀಯ ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಚುರುಕಾಗಿ ಗಣಿತದಲ್ಲಿ ಅಂಕಗಳು ಏರುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗ. 36 ಮಂದಿ ಕಾಲೇಜು ವಿದ್ಯಾರ್ಥಿಗಳು ಮೋಟ್ಸಾರ್ಟ್ ರಚಿಸಿದ ಪಿಯಾನೊ ಸಂಗೀತವನ್ನು ಹತ್ತು ನಿಮಿಷ ಕೇಳಿದ ಮೇಲೆ ಆಕೃತಿಗಳನ್ನು ಮನಸ್ಸಿನಲ್ಲಿ ಮಡಿಸಿ ಬಿಡಿಸುವ ಬಗೆಯ ಪರೀಕ್ಷೆಯಲ್ಲಿ ಸ್ವಲ್ಪ ಮೇಲಾದರು. ಆ ಪರಿಣಾಮ ಕಾಲು ಗಂಟೆಯೊಳಗೆ ಮಾಯವಾಯಿತು. ಎಳೆಯ ಮಕ್ಕಳ ಮೇಲೆ ಆ ಪ್ರಯೋಗ ನಡೆದೇ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯ ರಾಜ್ಯದ ಗವರ್ನರರು ಹುಟ್ಟಿದ ಪ್ರತಿ ಶಿಶುವಿಗೂ ಸಂಗೀತದ ಮುದ್ರಿಕೆ ಹಂಚಲು ಸರ್ಕಾರದ ಹಣವನ್ನು ಕೇಳಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಪರಿಣಾಮ ತೀರ ಅಲ್ಪವೆಂದೂ, ಮನಸ್ಸಿಗೆ ಹಿತವಾದ ಯಾವುದನ್ನು ಕೇಳಿದರೂ ಅಷ್ಟು ಚುರುಕು ಬರಬಹುದೆಂದೂ ಕಂಡುಬಂದಿತು. ಅಂಕಗಳಿಗಾಗಿ ಮಗುವನ್ನು ತಾಲೀಮಿಗೆ ಕರೆದೊಯ್ಯುವುದು, ಉಪ್ಪಿನಕಾಯಿಯಿಂದ ಹೊಟ್ಟೆ ತುಂಬಿಸಿಕೊಳ್ಳ ಹೊರಟಂತೆ.

ಆದರೆ ಕಿವಿಯ ಆರೋಗ್ಯದ ಮಾತು ಬೇರೆ, ಅಲ್ಲಿ ವಿಷಯ ನಿಜವಾಗಿಯೂ ಗಂಭೀರವಾದುದು.

ಹೊರಗಿನ ಶಬ್ದ ಕಿವಿಯ ತಮಟೆಯನ್ನು ಅಲುಗಿಸುತ್ತದೆ. ಅದರ ಹಿಂದಿನ ಮೂರು ಪುಟ್ಟ ಎಲುಬುಗಳು ಆ ಅಲುಗಾಟವನ್ನು ಬಲಪಡಿಸಿ ಒಳಗಿವಿಗೆ ಸಾಗಿಸುತ್ತವೆ. ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಗೊಂಡ, ಬಿಡಿಸಿದರೆ ಸುಮಾರು 35 ಮಿಲಿಮೀಟರು ಉದ್ದದ ನಾಳವೊಂದಿದೆ. ಅದರೊಳಗಿನ ದ್ರವದಲ್ಲಿ ಅಲೆಗಳೆದ್ದಾಗ ಸೂಕ್ಷ್ಮವಾದ ರೋಮಗಳುಳ್ಳ ಜೀವಕೋಶಗಳು ಬಾಗಿ, ಶ್ರವಣನರದ ಮೂಲಕ ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ಪ್ರತಿ ಕಿವಿಯಲ್ಲಿ ಇಂಥ ರೋಮಕೋಶಗಳಿರುವುದು ಸುಮಾರು 15,000 ಮಾತ್ರ. ಕಣ್ಣಿನ ಬೆಳಕುಗ್ರಾಹಿ ಕೋಶಗಳು ಕೋಟಿಗಟ್ಟಲೆ ಇರುವುದನ್ನು ನೆನೆದರೆ ಇದೆಷ್ಟು ಬಡತನದ ಬಂಡವಾಳವೆಂಬುದು ತಿಳಿಯುತ್ತದೆ. ಹಕ್ಕಿಗಳಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ. ಮನುಷ್ಯನಲ್ಲಿ ಹೋದದ್ದು ಹೋಯಿತು. ಅತಿಯಾದ ಶಬ್ದಕ್ಕೆ ಮೊದಲು ಬಲಿಯಾಗುವುದು ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿನ ಏರುಸ್ವರಗಳನ್ನು ಗ್ರಹಿಸುವ ಭಾಗ. ಆದುದರಿಂದ ಹಾನಿಗೊಳಗಾದವನಿಗೆ ಮಾತು ಕೇಳಿಸುತ್ತದೆ, ಆದರೆ ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಕಾಗಿ, ಹೇಳಿದ್ದೇನೆಂದು ತಿಳಿಯುವುದಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನನ್ನು ‘ಗಮನವಿಲ್ಲದವನು’ ಎಂದು ಗದರಿಸುವ ಮುನ್ನ ಅವನ ಕಿವಿಯನ್ನು ಪರೀಕ್ಷಿಸುವುದು ಮೇಲು.

ಶಬ್ದದ ಅಳತೆ ಡೆಸಿಬೆಲ್. ಸಾಧಾರಣ ಮಾತುಕತೆ 60ರ ಸುಮಾರು. ಕಾರ್ಖಾನೆಗಳ ದುಡಿಮೆಗಾರರಿಗೆ ದಿನಕ್ಕೆ ಎಂಟು ಗಂಟೆಯ ಮಿತಿಯಾಗಿ ತಜ್ಞರು ಹೇಳುವುದು 85. ಇಲ್ಲಿ ಗಮನಿಸಬೇಕಾದ ಲೆಕ್ಕವೊಂದಿದೆ. ಡೆಸಿಬೆಲ್ ಮೂರು ಹೆಚ್ಚಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ, ಸಹಿಸಬಹುದಾದ ಕಾಲ ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಹೀಗೆ ಏರುತ್ತ 100 ತಲುಪಿದಾಗ ಉಳಿಯುವುದು ಕಾಲು ಗಂಟೆ. ಮಕ್ಕಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಎಚ್ಚರಿಕೆಯಿಂದಿದೆ. ಸಂಗೀತದ ಉಪಕರಣಗಳನ್ನು ಕೇಳಲು ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಎಂದಿದ್ದರೆ, ಮಕ್ಕಳಿಗೆ ಅಷ್ಟೇ ಗಂಟೆಗಳಿಗೆ 75 ಎಂಬುದು ಅದರ ಸಲಹೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯಿದೆ. ರಿಂಗ್ ರೋಡಿನ ಬದಿಯಲ್ಲಿ ಮನೆ ಮಾಡಿರುವವರು ಈ ಅಂಕೆಗಳನ್ನು ಓದಿ ನಕ್ಕರೆ ಅದು ಅವರ ತಪ್ಪಲ್ಲ. ಹೀಗೆ ಬೀದಿಯ ಗದ್ದಲದಲ್ಲಿ ಮೊದಲೇ ದಣಿದ ಕಿವಿಗಳ ಮೇಲೆ ಈಗಿನ ಮಕ್ಕಳು ಬಸ್ಸಿನಲ್ಲಿ, ಮೆಟ್ರೊದಲ್ಲಿ ಕುಳಿತು ಇಯರ್‌ಫೋನ್ ಸಿಕ್ಕಿಸಿ, ಹೊರಗಿನ ಸದ್ದನ್ನು ಮೀರಿಸಲು ಧ್ವನಿಯನ್ನು ಏರಿಸುತ್ತಾರೆ.

ಹಾಗಾದರೆ ವಾದ್ಯವೃಂದದ ತಾಲೀಮು ಸುರಕ್ಷಿತವೆ? ಕೇಳುಗರ ಮಟ್ಟಿಗೆ ಬಹುಪಾಲು ಹೌದು. ಸಂಗೀತ ಒಂದೇ ಸಮನೆ ಅಬ್ಬರಿಸುವುದಿಲ್ಲ. ಪಿಸುಮಾತಿನಷ್ಟು ಮೆಲ್ಲಗಿನ ಭಾಗಗಳಿರುತ್ತವೆ, ನಿರ್ದೇಶಕ ಪದೇ ಪದೇ ನಿಲ್ಲಿಸುವುದರಿಂದ ಕಿವಿಗೆ ಬಿಡುವು ಸಿಗುತ್ತದೆ. ಧ್ವನಿವರ್ಧಕದ ಹಂಗಿಲ್ಲದೆ ಕುಶಲವಾದ ಬೆರಳುಗಳಿಂದ ಹೊರಟ ಶಬ್ದವನ್ನು ಮಗು ಕೇಳುವುದೇ ಅಪರೂಪವಾಗಿರುವಾಗ ಅದೊಂದು ಲಾಭ. ಆದರೆ ನುಡಿಸುವವರ ಪಾಡು ಬೇರೆ. ಪಿಟೀಲು ಕಿವಿಗೆ ಅಷ್ಟು ಹತ್ತಿರವಿರುವುದರಿಂದ ಅದರ ವಾದಕರಲ್ಲಿ ಎಡಗಿವಿಗೆ ಹೆಚ್ಚು ಪೆಟ್ಟು. ಹಿತ್ತಾಳೆಯ ವಾದ್ಯಗಳ ಮುಂದೆ ಕುಳಿತವರಿಗೆ 100 ಡೆಸಿಬೆಲ್ ಮೀರುವುದು ಅಪೂರ್ವವೇನಲ್ಲ.

2012ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಪೆರಾ ಹೌಸಿನಲ್ಲಿ ವಾಗ್ನರನ ‘ಡೀ ವಾಲ್ಕ್ಯೂರ’ ಸಂಗೀತನಾಟಕದ ತಾಲೀಮು ನಡೆಯುತ್ತಿತ್ತು. ವಯೋಲಾ ವಾದಕರೊಬ್ಬರ ಆಸನದ ನೇರ ಹಿಂದೆ ಹಿತ್ತಾಳೆ ವಾದ್ಯಗಳ ಗುಂಪು. ಕಿವಿಬೆಣೆಗಳನ್ನು ಒದಗಿಸಲಾಗಿತ್ತು. ಆದರೂ ಆ ತಾಲೀಮಿನ ಅನಂತರ ಅವರ ಶ್ರವಣಕ್ಕೆ ಎಂಥ ಆಘಾತವಾಯಿತೆಂದರೆ, ದೈನಂದಿನ ಸಣ್ಣ ಸದ್ದುಗಳನ್ನೂ ಸಹಿಸಲಾರದೆ ವೃತ್ತಿಯನ್ನೇ ಬಿಡಬೇಕಾಯಿತು. 2018ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವೂ 2019ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಸಂಸ್ಥೆಯನ್ನು ಹೊಣೆ ಮಾಡಿದವು. ಗದ್ದಲವು ಕಾರ್ಖಾನೆಯ ಉಪಪದಾರ್ಥವಾದರೆ ಸಂಗೀತದಲ್ಲಿ ಶಬ್ದವೇ ಉತ್ಪನ್ನ, ಆದಕಾರಣ ಕಲೆಗೆ ವಿನಾಯಿತಿ ಬೇಕು ಎಂಬ ಬಗೆಯ ವಾದವನ್ನು ಉಚ್ಚ ನ್ಯಾಯಾಲಯ ಒಪ್ಪಲಿಲ್ಲ. ಸಂಗೀತ ಮಧುರವಾಗಿದೆಯೆಂದು ರೋಮಕೋಶಗಳು ರಿಯಾಯಿತಿ ತೋರಿಸುವುದಿಲ್ಲ ತಾನೆ.

ಚೆಂಡೆ, ತಮಟೆ, ನಾದಸ್ವರ, ಡೋಲುಗಳ ನಡುವೆ ಬೆಳೆದ ನಮಗೂ ಇದು ಅನ್ವಯಿಸುವ ಮಾತು. ಸಂಘದ ಉತ್ಸವಗಳಲ್ಲಿ ಮಕ್ಕಳನ್ನು ಆಳೆತ್ತರದ ಧ್ವನಿವರ್ಧಕದ ಎದುರಿಗೇ ಕೂರಿಸುವುದನ್ನು ನೋಡಿದರೆ ಎದೆ ಝಲ್ಲೆನ್ನುತ್ತದೆ. ತಾಲೀಮಿಗಾಗಲಿ ಕಚೇರಿಗಾಗಲಿ ಹೋದಾಗ ಮಕ್ಕಳಿಗೆ ಸಭಾಂಗಣದ ಮಧ್ಯದ ಸಾಲುಗಳು ಉತ್ತಮ. ನಗಾರಿ, ತುತ್ತೂರಿಗಳ ಪಕ್ಕದ ತುದಿಗಳು ಬೇಡ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ ಆರು ಡೆಸಿಬೆಲ್ ಇಳಿಯುತ್ತದೆ, ಗೋಡೆಗಳ ಪ್ರತಿಧ್ವನಿಯ ಕಾರಣ ಸಭಾಂಗಣದೊಳಗೆ ಅಷ್ಟು ಇಳಿಯದು. ಅತಿ ಚಿಕ್ಕ ಮಕ್ಕಳಿಗೆ ಎರಡೂವರೆ ಗಂಟೆಯ ಪೂರ್ಣ ತಾಲೀಮು ದೀರ್ಘವಾಯಿತು. ವಿರಾಮದವರೆಗೆ ಕೂತು ಏಳಬಹುದು. ವಾದ್ಯ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ, ವಿಶೇಷವಾಗಿ ಡ್ರಮ್ಸ್ ಮತ್ತು ಹಿತ್ತಾಳೆ ವಾದ್ಯಗಳವರಿಗೆ, ವಾದಕರಿಗಾಗಿಯೇ ತಯಾರಾದ ಕಿವಿಬೆಣೆಗಳಿವೆ. ಅವು ಎಲ್ಲ ಸ್ವರಗಳನ್ನೂ ಹೆಚ್ಚುಕಡಮೆ ಸಮನಾಗಿ ತಗ್ಗಿಸುವುದರಿಂದ ಸಂಗೀತ ಕೆಡುವುದಿಲ್ಲ. ಹತ್ತಿಯುಂಡೆ ಮಾತ್ರ ನಿಷ್ಪ್ರಯೋಜಕ. ಕಿವಿಗೆ ಬಿಸಿ ಎಣ್ಣೆ ಹುಯ್ಯುವ ಅಜ್ಜಿಯ ಔಷಧ ಈ ಬಗೆಯ ಕಿವುಡಿಗೆ ಏನೂ ಮಾಡದು, ತಮಟೆಯಲ್ಲಿ ರಂಧ್ರವಿದ್ದರೆ ಅಪಾಯವನ್ನೇ ತಂದೀತು.

ಕಾರ್ಯಕ್ರಮ ಮುಗಿದು ಹೊರಬಂದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ನಾದ, ಹತ್ತಿ ತುಂಬಿದಂಥ ಮಂದತೆ ಕಂಡರೆ ಅದು ಕಿವಿ ದಣಿದ ಗುರುತು. ಒಂದೆರಡು ದಿನ ಸದ್ದಿನಿಂದ ದೂರವಿದ್ದರೆ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದಿದ್ದರೆ, ಅಥವಾ ಒಂದು ಕಿವಿ ಹಠಾತ್ತನೆ ಕೇಳಿಸದಾದರೆ, ಕಾಯುವ ಪ್ರಶ್ನೆಯೇ ಇಲ್ಲ. ಅದೇ ದಿನ ಕಿವಿ ಮೂಗು ಗಂಟಲಿನ ವೈದ್ಯರನ್ನು ಕಾಣಬೇಕು. ಶ್ರವಣ ಪರೀಕ್ಷೆಯಲ್ಲಿ ನೋವಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಬೇರೆಬೇರೆ ಸ್ವರಗಳು ಕೇಳಿಸಿದಾಗ ಗುಂಡಿಯೊತ್ತಿದರೆ ಮುಗಿಯಿತು. ದೆಹಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಏರ್ಪಾಡಿದೆ. ಬೇಸಗೆ ರಜೆಗೆ ಊರಿಗೆ ಹೋಗುವ ಕುಟುಂಬಗಳಿಗೆ ಇನ್ನೊಂದು ಸೌಕರ್ಯವೂ ಉಂಟು. ಎರಡು ಬಗೆಯ ವಾದ್ಯವೃಂದಗಳನ್ನು ಪೋಷಿಸಿದ ಅದೇ ಮೈಸೂರಿನಲ್ಲಿ, ಮಾನಸಗಂಗೋತ್ರಿಯ ಆವರಣದಲ್ಲಿ, 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಕ್ಕಳ ಕಿವಿಯನ್ನು ಪರೀಕ್ಷಿಸಿ, ಅದರ ನಕ್ಷೆಯನ್ನು ತಾಯ್ತಂದೆಯರಿಗೆ ಕನ್ನಡದಲ್ಲಿಯೇ ವಿವರಿಸಿ ಹೇಳುವವರು ಅಲ್ಲಿ ಸಿಗುತ್ತಾರೆ.